ಕೇಣಿಚಿರದಲ್ಲಿ ಇಲ್ಲದ ಕೇಣಿಚಿರದ ಕಡುಬು

ನಾನು ಪರದೇಶದಲ್ಲಿ ಓದಿದವನು ಎಂದರೆ ಎದುರಿಗೆ ಕೂತವರು ತುಸು ನೆಟ್ಟಗಾಗುತ್ತಾರೆ. ಯಾವ ದೇಶ ಎಂದು ಕೇಳುತ್ತಾರೆ. ಕಲ್ಪೆಟ್ಟ ಎನ್ನುತ್ತೇನೆ. ಅವರು ಮತ್ತೆ ಮೊದಲಿನಂತೆ ಗೋಡೆಗೆ ಒರಗುತ್ತಾರೆ.

ಒರಗಲಿ. ನಾನು ಸುಳ್ಳು ಹೇಳಿದವನಲ್ಲ. ಆ ಕಾಲಕ್ಕೆ ಗುಂಡ್ಲುಪೇಟೆಯಿಂದ ಹೊರಟ ಬಸ್ಸು ಕಾಡಿನೊಳಗೆ ನುಗ್ಗಿ ಮುತ್ತಂಗದ ಹತ್ತಿರ ಬೆಳಕಿಗೆ ಬರುವಷ್ಟರಲ್ಲಿ ಮೈಸೂರು ಸೀಮೆ ಹಿಂದೆ ಉಳಿದು ಮಲಬಾರು ಬಂದಿರುತ್ತಿತ್ತು. ಅಂಗಡಿಯ ಹಲಗೆಯ ಮೇಲಿನ ಅಕ್ಷರ ಬೇರೆ, ಪಂಚೆ ಉಡುವ ರೀತಿ ಬೇರೆ, ಕುಡಿಯಲು ಕೊಡುವ ನೀರು ಬಿಸಿ. ರಾಗಿ ಮುದ್ದೆ ಎಂದರೆ ಏನೆಂದು ಮರುಪ್ರಶ್ನೆ ಹಾಕುವ ಊರು ನನ್ನ ಮಟ್ಟಿಗೆ ವಿದೇಶವೇ. ಮೊದಲ ರಾತ್ರಿ ನಾನು ಅತ್ತದ್ದೂ ವಿದೇಶಕ್ಕೆ ಹೋದವರು ಅಳುವ ಹಾಗೆಯೇ, ಕಂಬಳಿಯೊಳಗೆ, ಸದ್ದಿಲ್ಲದೆ.

ಓದಿದ್ದು ಕಾಂಪೌಂಡರ್ ವಿದ್ಯೆ. ಮಂಗಳೂರು ಕಡೆಯ ಡಾಕ್ಟರೊಬ್ಬರು ಅಲ್ಲೊಂದು ಸಣ್ಣ ದವಾಖಾನೆ ಇಟ್ಟುಕೊಂಡಿದ್ದರು. ಕನ್ನಡ ಬಲ್ಲ ಹುಡುಗ ಬೇಕು, ಔಷಧಿ ಬೆರೆಸುವುದನ್ನು ಕಲಿಸುತ್ತೇನೆ ಎಂದು ಹೇಳಿಕಳಿಸಿದ್ದರು. ಮೈಸೂರಿನಲ್ಲಿ ನನ್ನನ್ನು ಯಾವ ವಿದ್ಯೆಗೂ ಯಾರೂ ಕರೆದಿರಲಿಲ್ಲವಾದ್ದರಿಂದ ಹೊರಟೆ. ಮಲೇರಿಯ ಇನ್ನೂ ಆ ಬೆಟ್ಟಗಳನ್ನು ಬಿಟ್ಟು ಇಳಿಯದ ಕಾಲ ಅದು. ತಿರುವಿದಾಂಕೂರಿನ ಕಡೆಯಿಂದ ಒಕ್ಕಲುಗಳು ದಿನವೂ ಬಂದು ಇಳಿಯುತ್ತಿದ್ದವು. ಬಸ್ಸಿನ ತಲೆಯ ಮೇಲೆ ಮರಗೆಣಸಿನ ಕಡ್ಡಿಗಳ ಕಟ್ಟು, ಕೋಳಿಯ ಬುಟ್ಟಿ, ಬಟ್ಟೆಯಲ್ಲಿ ಸುತ್ತಿದ ದೇವರ ಪಟ. ಅವರು ಕಾಡು ಕಡಿದು ಗುಡಿಸಲು ಹಾಕುತ್ತಿದ್ದರು, ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಹಲ್ಲು ಕಟಕಟ ಎನ್ನಿಸುತ್ತಾ ನಮ್ಮ ಬೆಂಚಿಗೆ ಬಂದು ಕೂರುತ್ತಿದ್ದರು. ನಾನು ಕ್ವಿನೈನ್ ಬೆರೆಸುತ್ತಿದ್ದೆ. ಬಾಟಲಿಯ ಮೇಲೆ ‘ಕುಲುಕಿ ಕುಡಿಯಿರಿ’ ಎಂದು ಚೀಟಿ ಅಂಟಿಸಿ ಕೊಡುತ್ತಿದ್ದೆ. ಆ ಜ್ವರದಲ್ಲಿ ಬಾಟಲಿಯನ್ನು ಬೇರೆಯಾಗಿ ಕುಲುಕುವ ಅಗತ್ಯ ಇರಲಿಲ್ಲ. ಎರಡನೆಯ ವರ್ಷ ನನಗೇ ಬಂದಾಗ ಅದು ತಿಳಿಯಿತು.

ಆದರೆ ನಾನು ಹೇಳಬೇಕೆಂದಿರುವುದು ಕಡುಬಿನ ವಿಷಯ.

ನಮ್ಮಜ್ಜಿ, ಅಪ್ಪನ ತಾಯಿ ದೇವಮ್ಮ, ವರ್ಷಕ್ಕೆ ಎರಡು ಮೂರು ಸಲ ಒಂದು ಕಡುಬು ಮಾಡುತ್ತಿದ್ದಳು. ನೆನೆಸಿದ ಅಕ್ಕಿ ನುಚ್ಚಿಗೆ ಶುಂಠಿ, ಸೂಜಿಮೆಣಸು, ಒಂದು ಹಿಡಿ ಅವರೆಕಾಳು ಸೇರಿಸಿ, ಅರಿಸಿನದ ಎಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಇಷ್ಟಾದರೆ ಯಾರೂ ಮಾತಾಡುತ್ತಿರಲಿಲ್ಲ. ಅಜ್ಜಿ ಕಡುಬಿನ ಪಾತ್ರೆಯ ತಳಕ್ಕೆ ಎರಡು ಹಿಡಿ ಭತ್ತವನ್ನೂ ಸುರಿಯುತ್ತಿದ್ದಳು. ಸಿಪ್ಪೆ ಸಮೇತ ಭತ್ತ. ಯಾಕೆ ಎಂದರೆ ‘ಅದು ಅಂಗೇ ಮಾಡದು’ ಎನ್ನುತ್ತಿದ್ದಳು. ಅದರ ಹೆಸರು ಕೇಣಿಚಿರದ ಕಡುಬು.

ಕೇಣಿಚಿರ ಅಜ್ಜಿ ಹುಟ್ಟಿದ ಊರು. ಒಂದು ಜ್ವರದ ವರ್ಷ ಅಲ್ಲಿ ಅವಳ ಮನೆಯವರೆಲ್ಲ ಹೋದರು. ಒಂಬತ್ತು ವರ್ಷದ ಹುಡುಗಿಯನ್ನು ದೂರದ ನೆಂಟರೊಬ್ಬರು ಗಾಡಿಯಲ್ಲಿ ಕೂರಿಸಿಕೊಂಡು ಬಂದು ನಮ್ಮ ಸೀಮೆಯಲ್ಲಿ ಸಾಕಿ ಮದುವೆ ಮಾಡಿ ತಾವೂ ಹೊರಟುಹೋದರು. ಹೀಗಾಗಿ ಅಜ್ಜಿಗೆ ತವರಿರಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ತರುವವರಿಲ್ಲ, ಬಾಣಂತನಕ್ಕೆ ಕರೆಯುವವರಿಲ್ಲ, ಜಗಳವಾಡಿದ ದಿನ ಎದ್ದು ಹೋಗುತ್ತೇನೆ ಎನ್ನಲು ಒಂದು ದಿಕ್ಕಿಲ್ಲ. ಅವಳಿಗೆ ಇದ್ದದ್ದು ಈ ಕಡುಬು ಒಂದೇ. ಅದರ ಮೇಲೂ ನಂಜಮ್ಮಜ್ಜಿಯ ಕಣ್ಣು.

ನಂಜಮ್ಮಜ್ಜಿ ತಾತನ ತಂಗಿ, ನಮ್ಮಜ್ಜಿಗೆ ನಾದಿನಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಬಂದು ನಮ್ಮ ಮನೆಯಲ್ಲೇ ಉಳಿದವಳು. ಇಬ್ಬರೂ ಐವತ್ತು ವರ್ಷ ಒಂದೇ ಒಲೆಯ ಮುಂದೆ ಕೂತವರು. ಭತ್ತ ಸುರಿಯುವ ಹೊತ್ತಿಗೆ ಸರಿಯಾಗಿ ನಂಜಮ್ಮಜ್ಜಿ ಅಡುಗೆಮನೆಗೆ ಬರುತ್ತಿದ್ದಳು.

‘ಅದ್ಯಾಕಮ್ಮಿ ಬತ್ತ? ಕೋಳಿ ಊಟಕ್ಕ ಬತ್ತವಾ?’

‘ನಮ್ಮೂರ್ಲಿ ಅಂಗೇ.’

‘ನಿಮ್ಮೂರಾ! ಆ ಊರ ಕಂಡೋರು ಯಾರಿದ್ದರು? ನೀನೂ ಕಂಡಿಲ್ಲ, ನಿನ್ನ ಕಡುಬೂ ಕಂಡಿಲ್ಲ.’

ಇದು ನಗೆಯ ಮಾತೇ. ನಂಜಮ್ಮಜ್ಜಿ ಕಡುಬನ್ನು ಬಿಡದೆ ತಿನ್ನುತ್ತಲೂ ಇದ್ದಳು. ಆದರೆ ನಾನು ಕಲ್ಪೆಟ್ಟಕ್ಕೆ ಹೊರಟ ದಿನ ಅಜ್ಜಿ ಬಾಗಿಲ ಹಿಂದೆ ನನ್ನ ಕೈ ಹಿಡಿದು, ‘ಅಲ್ಲೆಲ್ಲೋ ಹತ್ರದಲ್ಲೇ ಅದಂತೆ ನಮ್ಮೂರು. ಆ ಕಡುಬ ಮಾಡ್ತರಾ ನೋಡು ಮೊಗ. ತಿಂದು ಬಂದು ಇವಳ ಮುಂದೆ ಏಳು’ ಎಂದಳು. ಆಗಲಿ ಅಜ್ಜಿ, ಅದೇನು ದೊಡ್ಡದು ಎಂದೆ.

ಅದೇನು ದೊಡ್ಡದು ಎಂದುಕೊಂಡದ್ದಕ್ಕೆ ಕಾರಣವಿತ್ತು. ಊರಿನ ಹೆಸರು ಹೊತ್ತ ತಿಂಡಿ ಆ ಊರಿನಲ್ಲಿ ಮೂಲೆಮೂಲೆಗೂ ಸಿಗುತ್ತದೆ ಎಂದೇ ಎಲ್ಲರೂ ನಂಬಿರುತ್ತೇವೆ. ಈಗ ಯೋಚಿಸಿದರೆ ಇದು ಸ್ವಲ್ಪ ಹುಚ್ಚು ನಂಬಿಕೆ. ಮದ್ದೂರು ವಡೆಯನ್ನು ನಾನು ಬಹಳ ಸಲ ತಿಂದಿದ್ದೇನೆ, ಒಮ್ಮೆಯೂ ಮದ್ದೂರಿನ ಯಾರದಾದರೂ ಮನೆಯಲ್ಲಿ ತಿಂದಿಲ್ಲ. ರೈಲಿನ ಕಿಟಕಿಯಿಂದ ಕೈ ಚಾಚುವವರು ಅದಕ್ಕೆ ಆ ಹೆಸರು ಕೊಟ್ಟಿರಬೇಕು. ಮದ್ದೂರಿನ ತಾಯಿಯೊಬ್ಬಳು ಮಗನನ್ನು ಕರೆದು ‘ಬಾ, ಮದ್ದೂರು ವಡೆ ತಿನ್ನು’ ಎಂದರೆ ಆ ಮಗ ಹೆದರಿಯಾನು. ಮೈಸೂರು ಪಾಕ್ ಇರಲಿ, ಧಾರವಾಡದ ಪೇಡೆ ಇರಲಿ, ಊರು ಬಿಟ್ಟು ಹೊರಟ ಡಬ್ಬಿಯ ಮೇಲೆ ಮಾತ್ರ ಊರಿನ ಹೆಸರು ಬರೆಯಬೇಕಾಗುತ್ತದೆ. ಊರಿನೊಳಗೆ ಅದು ಬರಿಯ ವಡೆ, ಬರಿಯ ಪೇಡೆ. ಊರಿಗೂ ಹಾಗೆಯೇ. ಸುಲ್ತಾನ್ ಬತ್ತೇರಿಗೆ ಹಿಂದೆ ನಮ್ಮ ಕನ್ನಡದ ಜನ ಹನ್ನೆರಡು ಬೀದಿ ಎನ್ನುತ್ತಿದ್ದರಂತೆ, ಗಣಪತಿವಟ್ಟ ಎಂಬುದೂ ಇತ್ತಂತೆ. ಈಗಿನ ಹೆಸರು ದಂಡೆತ್ತಿ ಬಂದವರು ಬಿಟ್ಟುಹೋದದ್ದು. ಒಳಗಿದ್ದವರಿಗೆ ಅದು ಬರಿಯ ಊರೇ ಆಗಿದ್ದಿರಬೇಕು.

ಈ ಜಾಣತನ ಆಗ ಇರಲಿಲ್ಲ. ಕಲ್ಪೆಟ್ಟದ ಹೋಟೆಲಿನಲ್ಲಿ ಕೇಣಿಚಿರದ ಕಡುಬು ಇದೆಯೇ ಎಂದು ಕೇಳಿದೆ. ಗಲ್ಲಾದ ಮುಂದೆ ಕೂತಿದ್ದಾತ ಕೇಣಿಚಿರದಲ್ಲಿ ಒಳ್ಳೆ ಚಹಾ ಸಿಕ್ಕಿದರೆ ಅದೇ ಭಾಗ್ಯ ಎಂದು ಮಲಯಾಳದಲ್ಲಿ ಹೇಳಿ ಪುಟ್ಟು ಕೊಟ್ಟ. ಒಂದು ಭಾನುವಾರ ಕೇಣಿಚಿರಕ್ಕೇ ಹೋದೆ. ಪನಮರಂ ರಸ್ತೆ, ಬತ್ತೇರಿ ರಸ್ತೆ ಕೂಡುವ ಜಾಗದಲ್ಲಿ ನಾಲ್ಕೈದು ಹೊಸ ಅಂಗಡಿಗಳು, ಹಸಿ ಮರದ ಹಲಗೆಗಳಿನ್ನೂ ಅಂಟು ಒಸರುತ್ತಿದ್ದವು. ಚಹಾದ ಅಂಗಡಿಯವನು ಔಸೇಪ್ಪು ಎಂಬ ತಿರುವಿದಾಂಕೂರಿನ ಮನುಷ್ಯ. ಬತ್ತೇರಿಯ ಸಂತೆಯಲ್ಲಿ ಕಲಿತ ಮುರುಕು ಕನ್ನಡ ಅವನಲ್ಲಿತ್ತು.

‘ಕಡುಬೋ? ಅದೆಂದು ಸಾಧನಂ?’ ಎಂದ. ಅದೇನು ವಸ್ತು ಎಂದು.

ನಾನು ವಿವರಿಸಿದೆ. ನುಚ್ಚು, ಎಲೆ, ನಾರು. ಭತ್ತದ ವಿಷಯ ಹೇಳಲು ನಾಚಿಕೆಯಾಗಿ ಬಿಟ್ಟೆ. ಔಸೇಪ್ಪು ಬಹಳ ಗಮನವಿಟ್ಟು ಕೇಳಿದ. ‘ಮೋನೆ, ನಾನು ಬಂದು ಮೂರು ವರ್ಷ. ನಾನು ಕಂಡಿಲ್ಲ. ನಮ್ಮ ಊರಿನ ಹೊಳೆಯ ಮೀನು ಇಲ್ಲಿ ಇಲ್ಲ, ನಿನ್ನ ಕಡುಬೂ ಇಲ್ಲ. ಇಲ್ಲಿ ಇರೋದು ಪನಿ ಮಾತ್ರ’ ಎಂದ. ಮೋನೆ ಎಂದರೆ ಮಗನೆ, ಪನಿ ಎಂದರೆ ಜ್ವರ. ಆಮೇಲೆ ತನ್ನ ಊರಿನ ಮೀನಿನ ಬಗ್ಗೆ ಹೇಳತೊಡಗಿ ಬಸ್ಸು ಬರುವವರೆಗೂ ನಿಲ್ಲಿಸಲಿಲ್ಲ. ಆ ಕೂಡುರಸ್ತೆಯಲ್ಲಿ ನಿಂತವರೆಲ್ಲ ಎಲ್ಲಿಯದೋ ರುಚಿ ಹುಡುಕುತ್ತಿದ್ದವರೇ. ನಾನೊಬ್ಬ ಮಾತ್ರ ಆ ಊರಿನದನ್ನೇ ಆ ಊರಿನಲ್ಲಿ ಹುಡುಕುತ್ತಿದ್ದೆ.

ಮೂರು ವಾರ ಬಿಟ್ಟು ಮತ್ತೆ ಹೋದಾಗ ಔಸೇಪ್ಪು ದೂರದಿಂದಲೇ ಕೈಬೀಸಿದ. ‘ವಾ ಮೋನೆ ವಾ! ಕೇಣಿಚಿರ ಕಡುಬ್ ರೆಡಿ!’

ತಟ್ಟೆಯಲ್ಲಿ ಎಲೆಯ ಪೊಟ್ಟಣ ಇತ್ತು. ಬಿಚ್ಚಿದೆ. ಅಕ್ಕಿ ಹಿಟ್ಟು, ಬೆಲ್ಲ, ಬಾಳೆಹಣ್ಣು. ನಾನು ಹೋದ ಮೇಲೆ ಅವನೇ ಯೋಚಿಸಿ ಕಟ್ಟಿದ್ದು. ಬಸ್ಸಿನವರು ಇಷ್ಟಪಟ್ಟು ತಿನ್ನುತ್ತಿದ್ದರು. ಕಂಡಕ್ಟರನೊಬ್ಬ ನನಗೇ ಹೇಳಿದ, ಕೇಣಿಚಿರಕ್ಕೆ ಬಂದವರು ಈ ಕಡುಬು ತಿನ್ನದೆ ಹೋಗಬಾರದು, ಇದು ಇಲ್ಲಿಯ ಹಳೆಯ ತಿಂಡಿ ಎಂದು. ಹುಡುಕಲು ಹೋದ ತಿಂಡಿಯನ್ನು ನಾನೇ ಹುಟ್ಟಿಸಿ ಬಂದಿದ್ದೆ.

ಸುತ್ತಲಿನ ಹಳೆಯ ಕನ್ನಡದ ಮನೆಗಳಲ್ಲೂ ಕೇಳಿದೆ. ಎರಡೋ ಮೂರೋ ಮನೆ. ಒಗೆದ ಬಿಳಿ ಅಂಗಿ ತೊಟ್ಟು, ಬಾಚಿದ ತಲೆಯಲ್ಲಿ ಹೋಗಿ ಜಗಲಿಯ ಮೇಲೆ ಕೂತು ಕೇಳುತ್ತಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಂಥದ್ದೇನೂ ಇಲ್ಲ ಎಂದು ತಲೆಯಾಡಿಸಿ, ಒಳಗೆ ಹೋಗಿ ಬಿಳಿ ಅನ್ನ, ತುಪ್ಪ, ಹಪ್ಪಳ ತಂದು ಬಡಿಸುತ್ತಿದ್ದರು. ಚೆನ್ನಾಗಿ ಉಂಡು ಬರಿಗೈಯಲ್ಲಿ ಬರುತ್ತಿದ್ದೆ.

ಈ ನಡುವೆ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಕಲ್ಲೂರಿನ ಆಚೆ ಹೊಸದಾಗಿ ಬಂದ ಒಕ್ಕಲಿನ ಮುದುಕರೊಬ್ಬರಿಗೆ ಜ್ವರ. ಡಾಕ್ಟರು ನನ್ನ ಕೈಯಲ್ಲಿ ಗುಳಿಗೆ ಕೊಟ್ಟು ಕಳಿಸಿದರು. ಎರಡು ದಿನ ಬಿಟ್ಟು ಹೋಗಿ ವಿಚಾರಿಸಿದೆ. ಅವರ ಹೆಂಡತಿ ‘ಕಳಿಚ್ಚು, ಕಳಿಚ್ಚು’ ಎಂದಳು. ತಗೊಂಡರು, ತಗೊಂಡರು ಎಂದು. ನಾನು ‘ತೆಗೆದುಕೊಂಡಿದ್ದಾರೆ’ ಎಂದು ಬರೆದುಕೊಂಡು ಬಂದೆ. ಮರುದಿನ ಮುದುಕರಿಗೆ ಬಾಯಿ ಕಟ್ಟಿ, ಕಣ್ಣು ಮೇಲಾಗಿ, ಡಾಕ್ಟರು ಓಡಬೇಕಾಯಿತು. ಕಹಿಗೆ ಹೆದರಿ ಮುದುಕರು ಅಷ್ಟೂ ಗುಳಿಗೆಗಳನ್ನು ಸೂರಿನ ಹುಲ್ಲಿನಲ್ಲಿ ಸಿಕ್ಕಿಸಿದ್ದರು. ಮುದುಕರು ಉಳಿದರು.

ಡಾಕ್ಟರು ಬೈಯಲಿಲ್ಲ. ಒಂದೇ ಮಾತು ಕೇಳಿದರು. ‘ನೀನು ಕಂಡದ್ದಾ ಮಾರಾಯ, ಕೇಳಿದ್ದಾ?’

ಅಲ್ಲಿಂದ ಮುಂದೆ ನಿಯಮವಾಯಿತು. ರೋಗಿ ನನ್ನ ಎದುರಿಗೆ ಉಣ್ಣಬೇಕು, ನನ್ನ ಎದುರಿಗೆ ಗುಳಿಗೆ ನುಂಗಬೇಕು, ಬಾಯಿ ತೆರೆದು ತೋರಿಸಬೇಕು. ಕಂಡದ್ದನ್ನು ಮಾತ್ರ ಬರೆಯಬೇಕು. ಇದು ಎಷ್ಟರಮಟ್ಟಿಗೆ ಒಳಗೆ ಇಳಿಯಿತೆಂದರೆ, ಮಳೆ ಬರುತ್ತಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಎದ್ದು ಹೋಗಿ ಅಂಗಳಕ್ಕೆ ಕೈ ಚಾಚಿ ನೋಡಿ ಬಂದು ಹೇಳುತ್ತೇನೆ. ನನ್ನ ಹೆಂಡತಿಗೆ ಇದು ಸಿಟ್ಟು ಬರಿಸುವ ವಿಷಯ.

ಮೊದಲ ರಜಕ್ಕೆ ಊರಿಗೆ ಹೋದೆ. ಅಜ್ಜಿ ನಾನು ಚೀಲ ಇಳಿಸುವ ಮುಂಚೆಯೇ ಮುಖ ನೋಡಿದಳು. ‘ತಿಂದೆ ಅಜ್ಜಿ’ ಎಂದು ಬಿಡಬಹುದಿತ್ತು. ಎರಡು ಮಾತಿನ ಕೆಲಸ. ನಂಜಮ್ಮಜ್ಜಿಯ ಬಾಯಿ ಮುಚ್ಚುತ್ತಿತ್ತು, ಅಜ್ಜಿಯ ಮುಖ ಅರಳುತ್ತಿತ್ತು, ಯಾರಿಗೂ ನಷ್ಟವಿಲ್ಲ. ಆದರೆ ನಾನು ಕಂಡಿರಲಿಲ್ಲ. ಸಿಗಲಿಲ್ಲ ಎಂದೆ.

‘ಸಿಕ್ಕಾದೆಂಗೆ, ಇದ್ರೆ ತಾನೆ?’ ಎಂದು ನಂಜಮ್ಮಜ್ಜಿ ನಕ್ಕಳು.

ಅಜ್ಜಿ ಜಗಳ ಆಡಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಸಂಜೆ ಹಿತ್ತಲಲ್ಲಿ ಒಬ್ಬಳೇ ಸಿಕ್ಕಾಗ ಮೆಲ್ಲಗೆ ಹೇಳಿದಳು. ‘ನಾನೇ ಕಟ್ಟಿದ್ನೇನೋ ಕನ ಮೊಗ. ಸಣ್ಣ ಕೂಸು ಆಗ. ನಮ್ಮವ್ವನ ಮೊಕವೂ ಸರ್ಯಾಗಿ ಗ್ಯಾನಕ್ಕ ಬರದಿಲ್ಲ. ಕಡುಬ ಮಾತ್ರ ಗ್ಯಾನ ಅದ ಅಂತಿದ್ದೆ. ಅದೂ ಸುಳ್ಳೋ ಏನೋ. ಇನ್ನ ಬತ್ತ ಆಕಲ್ಲ ಬುಡು.’

ಅವಳ ಕಡೆಯ ಒಂದೇ ಒಂದು ಸಾಕ್ಷಿಯನ್ನು ಒಗೆದ ಬಿಳಿ ಅಂಗಿ ತೊಟ್ಟುಕೊಂಡು ಹೋಗಿ ಕೆಡವಿ ಬಂದವನು ನಾನೇ ಎಂದು ಅನ್ನಿಸಿತು.

ಮರುವರ್ಷ ಕೊಯ್ಲಾದ ಮೇಲೆ, ಚಳಿ ಬಿಡುತ್ತಿದ್ದ ದಿನಗಳಲ್ಲಿ, ಕೇಣಿಚಿರದಿಂದ ಎರಡು ಮೈಲಿ ಗದ್ದೆಯ ಅಂಚಿನಲ್ಲಿದ್ದ ಒಂದು ಮನೆಗೆ ಗುಳಿಗೆ ಕೊಡಲು ಹೋಗಬೇಕಾಯಿತು. ಹಳೆಯ ಕನ್ನಡದ ಒಕ್ಕಲು, ಗೌಡರ ಮನೆ. ಗೌಡರಿಗೆ ಜ್ವರ. ಬೇಗ ಮುಗಿಸಿ ಬರೋಣವೆಂದು ಹೇಳಿಕಳಿಸದೆ ಬೆಳಿಗ್ಗೆಯೇ ಹೋದೆ. ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಸೊಂಟದೆತ್ತರದ ತಾಮ್ರದ ಹಂಡೆ, ಕೆಳಗೆ ದಿಮ್ಮಿ ಉರಿಯುತ್ತಿತ್ತು. ಹಂಡೆಯ ತುಂಬ ಭತ್ತ. ಗೌಡರ ಹೆಂಡತಿ ಚೆಲುವಮ್ಮ ಮಸಿ ಮುಖದಲ್ಲಿ ಅದರ ಪಕ್ಕ ನಿಂತಿದ್ದಳು. ನನ್ನನ್ನು ಕಂಡು ಅವಳ ಮುಖ ಕಳೆಗುಂದಿತು.

‘ಅಯ್ಯೋ, ಇವತ್ತು ಬಂದ್ರಾ ಡಾಕ್ಟರೇ? ಇವತ್ತು ವೇಂಡ, ನಾಳೆ ಬನ್ನಿ. ಇವತ್ತು ನೆಲ್ಲು ಬೇಯಿಸ್ತಿದ್ದೀವಿ.’

ನೆಲ್ಲು ಎಂದರೆ ಭತ್ತ. ನಮ್ಮ ಕಡೆ ಭತ್ತವನ್ನು ಬೇಯಿಸುವುದಿಲ್ಲ, ಒಣಗಿಸಿ ಕುಟ್ಟುತ್ತೇವೆ. ಅಲ್ಲಿ ಸಿಪ್ಪೆಯ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟುವುದು. ವರ್ಷದಲ್ಲಿ ಕೆಲವೇ ದಿನ. ಉರಿ ಹೆಚ್ಚಾದರೂ ಕಡಿಮೆಯಾದರೂ ಎಷ್ಟೋ ತಿಂಗಳ ಅನ್ನ ಕೆಡುತ್ತದೆ. ಅದಕ್ಕೇ ಆ ದಿನ ಮನೆಯಲ್ಲಿ ಎರಡನೆಯ ಬೆಂಕಿ ಹಚ್ಚುವುದಿಲ್ಲ, ಒಳಗಿನ ಒಲೆ ತಣ್ಣಗಿರುತ್ತದೆ, ನೆಂಟರನ್ನು ಕರೆಯುವುದಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನಾನು ನಿಯಮದ ಮನುಷ್ಯನಾಗಿ ನಿಂತಿದ್ದೆ.

‘ನಾನು ಡಾಕ್ಟರಲ್ಲ. ಗೌಡರು ಗುಳಿಗೆ ನುಂಗಿದರೆ ಹೊರಟುಬಿಡ್ತೀನಿ’ ಎಂದೆ.

‘ಇಟ್ಟು ಹೋಗಿ. ನಾನು ಕೊಡ್ತೀನಿ.’

‘ನುಂಗಿದ್ದು ನಾನು ಕಾಣಬೇಕು. ಹೊಟ್ಟೆಗೆ ಏನಾದರೂ ತಿಂದ ಮೇಲೆ ನುಂಗಬೇಕು. ತಿಂದದ್ದನ್ನೂ ಕಾಣಬೇಕು.’

ಚೆಲುವಮ್ಮ ಹಂಡೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ‘ಇವರ ಮುಂದೆ ಅದನ್ನ ತೆಗೆಯೋದಾ? ನಾಣಕ್ಕೇಡು!’ ಎಂದು ಜಗಲಿಯತ್ತ ಹೇಳಿದಳು.

ಜಗಲಿಯಲ್ಲಿ ಕಂಬಳಿಯ ಒಂದು ಗುಪ್ಪೆ ನಡುಗುತ್ತಿತ್ತು. ಅದು ಮಾತಾಡಿತು. ‘ತೆಗೀಯೇ. ನಾಚಿಕೆ ನಾಳೆ ಪಡೋಣ. ಇವತ್ತು ಬದುಕಬೇಕಲ್ಲ.’

ಅವಳು ಬಿದಿರಿನ ಇಕ್ಕಳವನ್ನು ಹಂಡೆಯೊಳಗೆ, ಕುದಿಯುವ ಭತ್ತದ ನಡುವಿಗೆ ಇಳಿಸಿ ತಡಕಾಡಿ ಒಂದು ಪೊಟ್ಟಣವನ್ನು ಎತ್ತಿದಳು.

ನಾನು ಕಂಡದ್ದು ಇಷ್ಟು. ಅರಿಸಿನದ ಎಲೆ, ಬೆಂದು ಕಂದಿತ್ತು. ಬಾಳೆನಾರಿನ ಕಟ್ಟು, ಎರಡು ಸುತ್ತು. ಎಲೆಗೆ ಅಂಟಿಕೊಂಡ ಮೂರು ನಾಲ್ಕು ಭತ್ತದ ಕಾಳು, ಬಾಯಿ ಬಿಟ್ಟಿದ್ದವು. ಗೌಡರು ನಡುಗುವ ಕೈಯಲ್ಲಿ ಬಿಚ್ಚಿದರು. ಒಳಗೆ ನುಚ್ಚು, ಅವರೆಕಾಳು. ಶುಂಠಿಯ ವಾಸನೆ ಬಂತು.

ಅಜ್ಜಿಯ ಎರಡು ಹಿಡಿ ಭತ್ತ! ಒಂಬತ್ತು ವರ್ಷದ ಹುಡುಗಿ ಕಂಡದ್ದು ಭತ್ತದ ಒಳಗಿನಿಂದ ಕಡುಬು ಬರುವುದನ್ನು. ಭತ್ತವೂ ಕಡುಬಿನ ಒಂದು ಸಾಮಾನು ಎಂದುಕೊಂಡಳು. ಭತ್ತ ಬೇಯಿಸದ ಸೀಮೆಗೆ ಬಂದು, ಹಂಡೆಯನ್ನು ಮರೆತು, ಎರಡು ಹಿಡಿಯನ್ನು ಮಾತ್ರ ಐವತ್ತು ವರ್ಷ ಬಿಡದೆ ಉಳಿಸಿಕೊಂಡಳು.

ಗೌಡರು ಗುಳಿಗೆ ನುಂಗಿದರು, ಬಾಯಿ ತೆರೆದು ತೋರಿಸಿದರು. ನಾನು ಹೊರಡಲಿಲ್ಲ. ‘ಇದಕ್ಕೆ ಏನಂತೀರಿ?’ ಎಂದೆ.

‘ಇದಕ್ಕೆಂತ ಹೆಸರು? ನೆಲ್ಲಿನೊಳಗೆ ಇಡೋದು’ ಎಂದಳು ಚೆಲುವಮ್ಮ.

‘ನನಗೂ ಒಂದು ಕೊಡಿ.’

‘ಶಿವನೇ! ಮನೆಗೆ ಬಂದ ವಿರುನ್ನುಕಾರರಿಗೆ ನುಚ್ಚು ಇಕ್ಕೋದಾ? ಉಮಿ ವಾಸನೆ ಇದಕ್ಕೆ. ಇದು ಮನೆಯೋರು ತಿನ್ನೋದು. ನಾಳೆ ಬನ್ನಿ, ಅನ್ನ ಮಾಡ್ತೀನಿ, ತುಪ್ಪ ಇದೆ.’

ಅಷ್ಟೂ ಮನೆಗಳ ಬಿಳಿ ಅನ್ನ, ತುಪ್ಪ, ಹಪ್ಪಳ ನನಗೆ ಆಗ ಅರ್ಥವಾಯಿತು. ಅವರು ಸುಳ್ಳು ಹೇಳಿರಲಿಲ್ಲ. ಅತಿಥಿಗೆ ಕೊಡುವ ತಿಂಡಿಗಳಲ್ಲಿ ಅದು ಇರಲೇ ಇಲ್ಲ. ನಾನು ಅಜ್ಜಿಯ ಕಥೆ ಹೇಳಿದೆ. ಗಾಡಿ, ತವರು, ನಂಜಮ್ಮಜ್ಜಿ, ‘ನಾನೇ ಕಟ್ಟಿದ್ನೇನೋ’ ಎಂದದ್ದು. ಚೆಲುವಮ್ಮ ಇಕ್ಕಳ ಹಿಡಿದು ನಿಂತೇ ಕೇಳಿದಳು.

‘ಯಾರ ಮನೆ ಹೆಣ್ಣು?’

‘ಗೊತ್ತಿಲ್ಲ.’

‘ಪನಿ ಬಂದ ವರ್ಷ ಎಷ್ಟು ಮನೆ ಹೋದವೋ’ ಎಂದು ಗದ್ದೆಯ ಕಡೆ ನೋಡಿದಳು. ಅಜ್ಜಿಯ ಮನೆ ಯಾವುದಿತ್ತೆಂದು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ತಿಳಿದಂತೆ ಬರೆದರೆ ಚೆನ್ನಾಗಿರುತ್ತದೆ. ಬರೆಯುವುದಿಲ್ಲ.

ಆಮೇಲೆ ಅವಳು ತೀರ್ಪು ಕೊಟ್ಟಳು. ‘ಹಾಗಾದ್ರೆ ಅಂಗಿ ಬಿಚ್ಚಿ. ನೆಲ್ಲು ಹೊತ್ತವನಿಗೆ ಕೊಡಬಹುದು. ಡಾಕ್ಟರಿಗೆ ಕೊಡಕ್ಕಾಗಲ್ಲ.’

ಬಿಚ್ಚಿದೆ. ಹಂಡೆಯಿಂದ ಬುಟ್ಟಿಗೆ ತೋಡಿದ ಭತ್ತವನ್ನು ಹೊತ್ತು, ಬಿದಿರಿನ ಚಾಪೆಯವರೆಗೆ ಒಯ್ದು ಸುರಿದು, ಕಾಲಿನಿಂದ ಹರಡಬೇಕು. ಬಿಸಿನೀರು ಬೆನ್ನಿಗೆ ಇಳಿಯುತ್ತದೆ. ಎರಡನೆಯ ಬುಟ್ಟಿಗೇ ನಾನು ಕುಣಿಯತೊಡಗಿದೆ. ಗುಳಿಗೆ ಕೆಲಸ ಮಾಡತೊಡಗಿದ್ದಕ್ಕೋ ಏನೋ, ಕಂಬಳಿಯ ಗುಪ್ಪೆ ನಗುತ್ತಿತ್ತು. ‘ಏ ಡಾಕ್ಟರೇ, ಅದು ಮದ್ದಿನ ಬಾಟ್ಲಿ ಅಲ್ಲ, ಎರಡೂ ಕೈಲಿ ಹಿಡೀರಿ! ಚೆಲುವಾ, ಅವನಿಗೆ ಎರಡು ಕೊಡು, ಪಾಪ, ಬೆಂದಿದ್ದಾನೆ!’ ಬಹುವಚನ ಬಿದ್ದುಹೋಗಿತ್ತು. ಅಷ್ಟು ಸಂತೋಷದಿಂದ ನಾನು ಯಾವ ಗೌರವವನ್ನೂ ಕಳೆದುಕೊಂಡಿಲ್ಲ.

ಚಾಪೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ತಿಂದೆ. ಮೊದಲು ಉಮಿಯ, ಎಂದರೆ ಭತ್ತದ ಹೊಟ್ಟಿನ, ವಾಸನೆ, ಆಮೇಲೆ ಎಲೆಯದು, ಕೊನೆಗೆ ಮೆಣಸು. ಉಪ್ಪು ಕಡಿಮೆ. ರುಚಿಯ ಮಾತು ಕೇಳಿದರೆ ಅಜ್ಜಿಯದೇ ಹೆಚ್ಚು ರುಚಿ. ಐವತ್ತು ವರ್ಷ ತಿದ್ದಿದ ಕೈ ಅವಳದು. ಇದು ಕೂಡ ಕಂಡು ಹೇಳುವ ಮಾತು.

ಹೊರಡುವಾಗ ಚೆಲುವಮ್ಮ ಐದು ಪೊಟ್ಟಣಗಳನ್ನು ಬಾಳೆಲೆಯಲ್ಲಿ ಕಟ್ಟಿದಳು. ಕೈ ತೊಳೆದು ಒಳಗೆ ಹೋಗಿ ಕುಂಕುಮದ ಚೀಟಿ ತಂದಳು, ಹಿತ್ತಲಿಗೆ ಹೋಗಿ ಅರಿಸಿನದ ಹಸಿ ಗೆಡ್ಡೆ ಕಿತ್ತು ತಂದಳು. ‘ಊರ ಹೆಣ್ಣಿಗೆ ಬರಿ ನುಚ್ಚು ಕಳಿಸಬಾರದು. ಕೇಣಿಚಿರದಿಂದ ಕಳಿಸಿದ್ರು ಅಂತ ಹೇಳು’ ಎಂದಳು.

ಕಲ್ಪೆಟ್ಟಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಡಾಕ್ಟರಿಗೆ ಚೀಟಿ ಕಳಿಸಿದೆ. ‘ಗೌಡರು ಉಂಡು ಗುಳಿಗೆ ನುಂಗಿದ್ದನ್ನು ಕಂಡೆ. ಇನ್ನೊಂದನ್ನೂ ಕಂಡೆ. ಎರಡು ದಿನ ರಜ ಬೇಕು.’ ನಾನು ಬತ್ತೇರಿಗೆ ಹೋಗಿ ಗುಂಡ್ಲುಪೇಟೆಯ ಬಸ್ಸು ಹಿಡಿದೆ. ಅಕ್ಕಿ, ಭತ್ತ ಗಡಿ ದಾಟಿಸಬಾರದೆಂಬ ಕಟ್ಟು ಇದ್ದ ಕಾಲ. ಗಡಿಯ ಕಾವಲಿನವನು ನನ್ನ ಬಾಳೆಲೆಯ ಗಂಟನ್ನು ಹಿಡಿದ.

‘ಏನಿದು?’

‘ಕಡುಬು.’

‘ಅಕ್ಕಿದಾ?’

‘ನುಚ್ಚಿಂದು. ಬೆಂದದೆ.’

ಬೆಂದ ನುಚ್ಚಿಗೆ ಕಟ್ಟು ಉಂಟೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಪರೀಕ್ಷೆಗೆಂದು ಒಂದನ್ನು ಬಿಚ್ಚಿದ, ಪರೀಕ್ಷೆಗೆಂದೇ ಪೂರ್ತಿ ತಿಂದ. ಬೆರಳು ನೆಕ್ಕಿಕೊಂಡು, ‘ಚೆನ್ನಾಗದಲ್ಲ! ಯಾವೂರ ಕಡುಬು?’ ಎಂದ.

‘ಕೇಣಿಚಿರದ ಕಡುಬು’ ಎಂದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿರಬೇಕು.

ದನ ಹಟ್ಟಿಗೆ ಬರುವ ಹೊತ್ತಿಗೆ ಮನೆ ಮುಟ್ಟಿದೆ. ಇಬ್ಬರು ಮುದುಕಿಯರೂ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹೋಯಿತು. ಗಂಟನ್ನು ಅಜ್ಜಿಯ ಮಡಿಲಲ್ಲಿಟ್ಟು, ‘ಕೇಣಿಚಿರದಿಂದ ಕಳಿಸಿದ್ರು’ ಎಂದಷ್ಟೇ ಹೇಳಿದೆ.

ಅಜ್ಜಿ ಕುಂಕುಮದ ಚೀಟಿಯನ್ನು ಮುಟ್ಟಿದಳು, ಅರಿಸಿನದ ಗೆಡ್ಡೆಯ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು. ಒಂದು ಪೊಟ್ಟಣವನ್ನು ಬಿಚ್ಚದೆ ಹಾಗೆಯೇ ಮೂಗಿನ ಹತ್ತಿರ ಹಿಡಿದಳು.

‘ಅಂಗಳದಲ್ಲಿ ಅಂಡೆ’ ಎಂದಳು. ‘ದೊಡ್ಡಂಡೆ ಕನ ಮೊಗ. ಬತ್ತ ಬೇಯಿಸ್ತಿದ್ರು. ನಮ್ಮವ್ವ ಬಿದಿರಿಕ್ಕಳದಲ್ಲಿ ಇದ ತಗೀತಿದ್ಲು. ಅವಳ ಮೊಕವೆಲ್ಲ ಮಸಿ.’

ಹಂಡೆಯ ಮಾತನ್ನಾಗಲಿ ಇಕ್ಕಳದ ಮಾತನ್ನಾಗಲಿ ನಾನು ಇನ್ನೂ ಹೇಳಿರಲಿಲ್ಲ. ಇದನ್ನು ಮನಸ್ಸಿನಲ್ಲಿ ಅನೇಕ ಸಲ ಹಿಂದಕ್ಕೆ ಹೋಗಿ ನೋಡಿಕೊಂಡೇ ಬರೆಯುತ್ತಿದ್ದೇನೆ. ನಾನು ಹೇಳಿರಲಿಲ್ಲ.

ನಂಜಮ್ಮಜ್ಜಿ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದ್ದಳು. ಅಜ್ಜಿ ಅವಳತ್ತ ತಿರುಗಿ, ಒಂದು ಪೊಟ್ಟಣ ನೀಡಿದಳು. ‘ಇದ ನೆಂಟರಿಗ ಕೊಡದಿಲ್ಲ. ಮನೆಯೋರಿಗ ಮಾತ್ರ. ತಗೊ.’

ನಂಜಮ್ಮಜ್ಜಿ ಬಿಚ್ಚಿ, ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದಳು. ಸೋಲುವುದು ಅವಳಿಗೆ ಅಭ್ಯಾಸವಿರಲಿಲ್ಲ. ‘ಉಪ್ಪು ಕಮ್ಮಿ ಅದ’ ಎಂದಳು.

‘ನಮ್ಮೂರ್ಲಿ ಕಮ್ಮಿನೇ’ ಎಂದಳು ಅಜ್ಜಿ. ಆ ‘ನಮ್ಮೂರು’ ಎಂಬ ಮಾತನ್ನು ಅಷ್ಟು ಸಲೀಸಾಗಿ ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

ಹಸಿವಾಗಿತ್ತು. ನಾನೂ ಕೈ ಚಾಚಿದೆ. ಅಜ್ಜಿ ಪೊಟ್ಟಣಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

‘ನಿಂಗಾ? ತವರಿಂದ ಬಂದೋರಿಗ ನುಚ್ಚು ಇಕ್ಕಕಾದದಾ? ಏಳು, ಕಾಲು ತೊಳ್ಕೊ.’

ಚೊಂಬಿನಲ್ಲಿ ನೀರು ಬಂತು. ಮಣೆ ಬಂತು, ಬಾಳೆಲೆ ಬಂತು. ಒಲೆ ಹಚ್ಚಿ ಬಿಳಿ ಅನ್ನ ಮಾಡಿದಳು, ತುಪ್ಪ ಬಡಿಸಿದಳು, ಹೆಸರುಬೇಳೆಯ ಪಾಯಸ ಮಾಡಿದಳು, ಬೇಡ ಎಂದರೂ ಕೇಳದೆ ಎರಡನೆಯ ಸಲ ಹಾಕಿದಳು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಮಣೆಯ ಮೇಲೆ ಕೈಕಟ್ಟಿ ನೆಂಟನ ಹಾಗೆ ಕೂತಿದ್ದೆ. ಅಡುಗೆಮನೆಯ ಹೊಸಿಲಿನ ಆಚೆ ಇಬ್ಬರು ಮುದುಕಿಯರು ನೆಲದ ಮೇಲೆ ಕೂತು, ಜಗಳವಾಡುತ್ತಾ, ನಾಲ್ಕು ಕಡುಬನ್ನೂ ಮುಗಿಸಿದರು. ನನ್ನ ಪಾಲಿಗೆ ಎಲೆಯೂ ಉಳಿಯಲಿಲ್ಲ. ಅವಳನ್ನು ನೋಡಲು ತವರಿನಿಂದ ಒಬ್ಬ ಬಂದಿದ್ದ, ಅವನು ಹೊಟ್ಟೆ ತುಂಬ ಉಂಡ. ಇದನ್ನು ನಾನು ಕಣ್ಣಾರೆ ಕಂಡೆ.